ಕಾಳಗದ ಚಿತ್ರಕ್ಕೆ ಪಿಟೀಲಿನ ಪಂಕ್ತಿ



ಚಿನಕುರಳಿ ಎಂದೊಡನೆ ನಿಮ್ಮಲ್ಲಿ ಹೆಚ್ಚಿನವರಿಗೆ ದೀಪಾವಳಿಯ ಪಟಾಕಿ ನೆನಪಾಗುತ್ತದೆ. ಪಾಂಡವಪುರ, ಕೃಷ್ಣರಾಜಪೇಟೆ, ಶ್ರೀರಂಗಪಟ್ಟಣ, ನಾಗಮಂಗಲದ ಕಡೆಯವರಿಗೆ ಅದು ಪಟಾಕಿಯಲ್ಲ, ಒಂದು ಊರು. ಬಸ್ಸು ನಿಲ್ಲುತ್ತದೆ, ಕಬ್ಬಿನ ಗಾಡಿ ಹಾದುಹೋಗುತ್ತದೆ, ಹೋಬಳಿಯ ಕೆಲಸಕ್ಕೆ ಬಂದವರು ಕಾಫಿ ಕುಡಿಯುತ್ತಾರೆ. ಚರಿತ್ರೆಯ ಪುಸ್ತಕ ಓದಿದವರಿಗೆ ಮಾತ್ರ ಇದು ರಣರಂಗ. 1771ರ ಮಾರ್ಚ್ ತಿಂಗಳಿನಲ್ಲಿ ಹೈದರಾಲಿಯ ಸೈನ್ಯವನ್ನು ತ್ರ್ಯಂಬಕರಾಯನ ಮರಾಠಾ ಸೈನ್ಯ ಸೋಲಿಸಿದ್ದು ಇಲ್ಲಿಯೇ. ಹೈದರ್ ಮೇಲುಕೋಟೆಯ ಬೆಟ್ಟಗಳ ನಡುವೆ ಸಿಕ್ಕಿಕೊಂಡಿದ್ದ. ಸುಮಾರು 35 ಕಿಲೋಮೀಟರ್ ದೂರದ ಶ್ರೀರಂಗಪಟ್ಟಣವನ್ನು ಸೇರಿಕೊಳ್ಳಲು ರಾತ್ರಿಯ ಹೊತ್ತು ಸದ್ದಿಲ್ಲದೆ ಹೊರಟ. ದಾರಿಯಲ್ಲಿ ಅವನ ಕಡೆಯದೇ ಒಂದು ತೋಪು ಹಾರಿತು. ಅದರ ಸದ್ದಿಗೆ ಮರಾಠರು ಎಚ್ಚೆತ್ತರು ಎಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಬೆಳಗಾಗುವ ಹೊತ್ತಿಗೆ ಓಡುವ ಸೈನ್ಯ, ಅಟ್ಟಿಸಿಕೊಂಡು ಬರುವ ಸೈನ್ಯ ಎರಡೂ ಈ ಬಯಲಿನಲ್ಲಿದ್ದವು. ಆಮೇಲೆ ಆದದ್ದು ಕಾಳಗ ಎನ್ನುವುದಕ್ಕಿಂತ ಕೊಲೆ ಎನ್ನಬೇಕು.

ಸಂಗೀತದ ಬಗ್ಗೆ ಮಾತನಾಡಲು ಬಂದವನು ಯುದ್ಧದ ಕಥೆಯನ್ನೇಕೆ ಹೇಳುತ್ತಿದ್ದಾನೆ ಎಂದು ನೀವು ಕೇಳಬಹುದು. ಕಾರಣವಿದೆ. ಸುಮಾರು ಮೂವತ್ತು ವರ್ಷಗಳ ಹಿಂದೆ ಈ ಕಾಳಗವನ್ನೇ ವಸ್ತುವಾಗಿಟ್ಟುಕೊಂಡು ಒಂದು ಶಾಲೆಯ ಮಕ್ಕಳು ವಾರ್ಷಿಕೋತ್ಸವಕ್ಕೆ ನಾಟಕ ಆಡಿದರು. ಹಾರ್ಮೋನಿಯಂ ಬಲ್ಲವನೆಂದು ಸಂಗೀತದ ಹೊಣೆಯನ್ನು ನನಗೆ ವಹಿಸಿದರು. ಯುದ್ಧವೆಂದ ಮೇಲೆ ಅಬ್ಬರ ಬೇಡವೇ? ಎರಡು ತಮಟೆ, ಒಂದು ನಗಾರಿ, ಜೊತೆಗೆ ಸಿನಿಮಾ ಹೊಡೆದಾಟದ ಸಂಗೀತ ತುಂಬಿದ ಒಂದು ಕ್ಯಾಸೆಟ್ಟು, ಎಲ್ಲವನ್ನೂ ಒಟ್ಟಿಗೆ ಬಿಟ್ಟೆ. ಕೊನೆಯ ದೃಶ್ಯದಲ್ಲಿ ಒಬ್ಬ ತಾಯಿ ಲಾಟೀನು ಹಿಡಿದು ಹೆಣಗಳ ನಡುವೆ ಮಗನನ್ನು ಹುಡುಕುತ್ತಾಳೆ. ಏಳನೆಯ ತರಗತಿಯ ಹುಡುಗಿ, ಚೆನ್ನಾಗಿಯೇ ಆಡಿದಳು. ಚಪ್ಪಾಳೆ ಬಿತ್ತು. ಎಲ್ಲ ಮುಗಿದ ಮೇಲೆ ಒಬ್ಬ ಮುದುಕಿ ನನ್ನ ಬಳಿ ಬಂದು, “ಸಾಮಿ, ಆ ಮಗ ಕೊನೇಲಿ ಏನೋ ಅಂದ್ಳಲ್ಲ, ಏನಂದ್ಳು? ತಮಟೆ ಸದ್ದಲ್ಲಿ ಕೇಳ್ನಿಲ್ಲ” ಎಂದು ಕೇಳಿದಳು.

ನನ್ನಲ್ಲಿ ಉತ್ತರವಿರಲಿಲ್ಲ. ಆ ಮಾತು ನನಗೂ ಕೇಳಿರಲಿಲ್ಲ.

ಅಂದಿನಿಂದ ಯುದ್ಧದ ಚಿತ್ರ ಯಾವುದನ್ನು ನೋಡಿದರೂ ನನಗೆ ಒಂದೇ ಪ್ರಶ್ನೆ: ಇಲ್ಲಿ ಸಂಗೀತ ಯಾರ ಮಾತನ್ನು ಕೇಳಿಸುತ್ತಿದೆ, ಯಾರ ಮಾತನ್ನು ಮುಚ್ಚುತ್ತಿದೆ? ಕನ್ನಡದಲ್ಲಿ 1990ರ ‘ಮುತ್ತಿನ ಹಾರ’ ನಿಮಗೆ ಗೊತ್ತಿರಬಹುದು. ರಾಜೇಂದ್ರಸಿಂಗ್ ಬಾಬು ಅವರು ಕೊಡಗಿನ ಸೈನಿಕನೊಬ್ಬನ ಕಥೆ ಹೇಳಿದ ಆ ಚಿತ್ರಕ್ಕೆ ಹಂಸಲೇಖ ಅವರು ಸಂಗೀತ ನೀಡಿ, ಡಾ. ಎಂ. ಬಾಲಮುರಳಿಕೃಷ್ಣರಿಂದ ಹಾಡಿಸಿದರು. ಅದರ ಬಗ್ಗೆಯೇ ಇನ್ನೊಂದು ಭಾಷಣವಾಗಬೇಕು. ಇಂದು ನಾನು ಆರಿಸಿಕೊಂಡಿರುವುದು ನೆರೆಯ ಮಲಯಾಳದಲ್ಲಿ 2009ರ ಅಕ್ಟೋಬರಿನಲ್ಲಿ ತೆರೆಕಂಡ ‘ಕೇರಳ ವರ್ಮ ಪಳಶ್ಶಿ ರಾಜ’. ಎಂ. ಟಿ. ವಾಸುದೇವನ್ ನಾಯರ್ ಅವರ ಕಥೆ, ಹರಿಹರನ್ ಅವರ ನಿರ್ದೇಶನ, ಮಮ್ಮುಟ್ಟಿಯವರ ಮುಖ್ಯ ಪಾತ್ರ. ಸಂಗೀತ ಇಳಯರಾಜ ಅವರದು. ಆಗ ಅವರಿಗೆ 66 ವರ್ಷ. ಚಿತ್ರರಂಗದಲ್ಲಿ ಸ್ವತಂತ್ರ ಸಂಗೀತ ನಿರ್ದೇಶಕರಾಗಿ 33 ವರ್ಷ ದಾಟಿತ್ತು.

ನೆರೆಯವರ ಚಿತ್ರ ನಮಗೇಕೆ ಎನ್ನಬೇಡಿ. ಆ ಕಥೆಯ ಒಂದು ತುದಿ ನಮ್ಮಲ್ಲಿಯೇ ಇದೆ. 1792ರ ಮಾರ್ಚಿನಲ್ಲಿ ಟಿಪ್ಪು ಸುಲ್ತಾನನಿಗೂ ಇಂಗ್ಲಿಷರ ಕಡೆಯವರಿಗೂ ಆದ ಶ್ರೀರಂಗಪಟ್ಟಣದ ಒಪ್ಪಂದವನ್ನು ನೀವು ಪಾಠದಲ್ಲಿ ಓದಿದ್ದೀರಿ. ಆ ಒಪ್ಪಂದದಿಂದ ಮಲಬಾರು ಕಂಪನಿಯ ಕೈಸೇರಿತು. ಮೊದಲು ಮೈಸೂರಿನ ಸೈನ್ಯದ ವಿರುದ್ಧ ಹೋರಾಡಿದ್ದ ಪಳಶ್ಶಿ ರಾಜ ಈಗ ಕಂಪನಿಯ ವಿರುದ್ಧ ನಿಂತ. ಕೆಲಕಾಲ ಟಿಪ್ಪುವಿನ ನೆರವನ್ನೂ ಪಡೆದ. ರಾಜಕೀಯದಲ್ಲಿ ಹೀಗೆಲ್ಲ ಆಗುತ್ತದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ನಂತರ ಅಲ್ಲಿಯ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಪಳಶ್ಶಿಯ ವಿರುದ್ಧದ ಕಾರ್ಯಾಚರಣೆಯನ್ನೂ ನಡೆಸಿದ. ವಯನಾಡಿನ ಕಾಡುಗಳಲ್ಲಿ ಕುರಿಚ್ಯ ಬಿಲ್ಲುಗಾರರೊಡನೆ ಹೋರಾಡಿದ ಪಳಶ್ಶಿ 1805ರ ನವೆಂಬರ್ 30ರಂದು ಮಡಿದದ್ದು ಪುಲ್ಪಳ್ಳಿಯ ಬಳಿ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೈರಕುಪ್ಪೆಯಲ್ಲಿ ನಿಂತರೆ ಕಬಿನಿಯ ಆಚೆ ದಡವೇ ಆ ಸೀಮೆ.

ಸಂಗೀತ ನಿರ್ದೇಶಕರೂ ನಮಗೆ ಹೊರಗಿನವರಲ್ಲ. ಇಳಯರಾಜ ತಮಿಳುನಾಡಿನ ಪಣ್ಣೈಪುರದವರು, ಅಣ್ಣ ಪಾವಲರ್ ವರದರಾಜನ್ ಅವರ ತಂಡದೊಡನೆ ಹಳ್ಳಿಹಳ್ಳಿ ಸುತ್ತಿ ಹಾಡಿದವರು. ಮದರಾಸಿಗೆ ಬಂದು ಧನರಾಜ್ ಮಾಸ್ತರರಲ್ಲಿ ಪಾಶ್ಚಾತ್ಯ ಸಂಗೀತ ಕಲಿತರು. ಆದರೆ ಚಲನಚಿತ್ರಕ್ಕೆ ವಾದ್ಯವೃಂದವನ್ನು ಹೊಂದಿಸುವ ಕೆಲಸ ಅವರ ಕೈಗೆ ಹತ್ತಿದ್ದು ಜಿ. ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದಾಗ. ಅಲ್ಲಿ ಅವರು ದುಡಿದ ಚಿತ್ರಗಳಲ್ಲಿ ಬಹುಪಾಲು ಕನ್ನಡದವು. ವೆಂಕಟೇಶ್ ಎಂದರೆ ಯಾರು? 1960ರ ‘ರಣಧೀರ ಕಂಠೀರವ’, 1967ರ ‘ಇಮ್ಮಡಿ ಪುಲಿಕೇಶಿ’, 1975ರ ‘ಮಯೂರ’. ಮೂರೂ ರಾಜರ ಕಥೆಗಳು, ಕತ್ತಿ ಕುದುರೆಗಳ ಕಥೆಗಳು. ಅದರಲ್ಲೂ ಕಂಠೀರವ ನರಸರಾಜ ಒಡೆಯರಂತೂ ಶ್ರೀರಂಗಪಟ್ಟಣದ ಗದ್ದುಗೆಯಲ್ಲಿ ಕುಳಿತವರು. ನಮ್ಮ ಅಜ್ಜಂದಿರು ಟೂರಿಂಗ್ ಟಾಕೀಸಿನಲ್ಲಿ ನೆಲದ ಮೇಲೆ ಕುಳಿತು ಕೇಳಿದ್ದು ಆ ಗುರುವಿನ ಸಂಗೀತವನ್ನು. 1976ರಲ್ಲಿ ‘ಅನ್ನಕ್ಕಿಳಿ’ ಎಂಬ ತಮಿಳು ಚಿತ್ರದಿಂದ ಶಿಷ್ಯ ತನ್ನ ದಾರಿ ಹಿಡಿದ. ಆಮೇಲೂ 1981ರ ‘ಗೀತಾ’, 1983ರ ‘ಪಲ್ಲವಿ ಅನುಪಲ್ಲವಿ’ಗಳಿಗಾಗಿ ಕನ್ನಡಕ್ಕೆ ಬಂದು ಹೋದರು. ಆ ಹಾಡುಗಳ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹಾಡು ಬೇರೆ, ಹಿನ್ನೆಲೆ ಸಂಗೀತ ಬೇರೆ. ಹಾಡಿಗೆ ಸಾಮಾನ್ಯವಾಗಿ ಸಂಗೀತ ಮೊದಲು, ಚಿತ್ರ ಆಮೇಲೆ. ಧ್ವನಿಮುದ್ರಣವಾದ ಹಾಡಿಗೆ ನಟರು ತುಟಿ ಕೂಡಿಸುತ್ತಾರೆ. ಹಿನ್ನೆಲೆ ಸಂಗೀತದಲ್ಲಿ ಇದು ತಿರುವುಮುರುವು. ಚಿತ್ರ ಕತ್ತರಿಸಿ ಜೋಡಿಸಿ ಸಿದ್ಧವಾದ ಮೇಲೆ ಸಂಗೀತಗಾರ ಅದನ್ನು ನೋಡಿ, ಎಲ್ಲಿ ಬೇಕು, ಎಲ್ಲಿ ಬೇಡ, ಎಷ್ಟು ಸೆಕೆಂಡು ಎಂದು ಗುರುತು ಹಾಕಿಕೊಳ್ಳುತ್ತಾನೆ. ಚಿತ್ರ ಸೆಕೆಂಡಿಗೆ 24 ಚೌಕಟ್ಟುಗಳ ಲೆಕ್ಕದಲ್ಲಿ ಓಡುತ್ತದೆ. ಗಣಿತ ಬಲ್ಲವರು ಪೆನ್ಸಿಲು ತೆಗೆದುಕೊಳ್ಳಿ. ಕುದುರೆ ಸವಾರನೊಬ್ಬ ಕಾಣಿಸಿಕೊಂಡ ಕ್ಷಣದಿಂದ ಬಾಣ ಅವನಿಗೆ ನಾಟುವವರೆಗೆ 14 ಸೆಕೆಂಡು ಎಂದು ಇಟ್ಟುಕೊಳ್ಳೋಣ. ಅಂದರೆ 336 ಚೌಕಟ್ಟು. 12 ಚೌಕಟ್ಟಿಗೆ ಒಂದು ಪೆಟ್ಟು ಹಾಕಿದರೆ 28 ಪೆಟ್ಟು; ಆದಿತಾಳದ 8 ಅಕ್ಷರದ ಲೆಕ್ಕದಲ್ಲಿ ಮೂರೂವರೆ ಆವರ್ತ. ಬಾಣ ತಾಗುವುದು ಆವರ್ತದ ನಡುವೆ, ಕಾಲು ಜಾರಿದ ಹಾಗೆ. ಅದನ್ನೇ 14 ಚೌಕಟ್ಟಿಗೊಂದು ಪೆಟ್ಟಿನಂತೆ ಸ್ವಲ್ಪ ನಿಧಾನಿಸಿದರೆ ಸರಿಯಾಗಿ 24 ಪೆಟ್ಟು, ಮೂರು ಆವರ್ತ ಮುಗಿದು ಮುಂದಿನ ಸಮಕ್ಕೆ ಬಾಣ. ಇಂಥ ಲೆಕ್ಕ ಮಾಡದ ಚಲನಚಿತ್ರ ಸಂಗೀತಗಾರನೇ ಇಲ್ಲ. ಜಾಣನಾದವನು ಕೆಲವು ಸಲ ಬೇಕೆಂದೇ ಆ ಮೂರೂವರೆಯನ್ನೇ ಉಳಿಸಿಕೊಳ್ಳುತ್ತಾನೆ. ಸಾವು ತಾಳಕ್ಕೆ ಸರಿಯಾಗಿ ಬರಬೇಕೆಂದು ಎಲ್ಲಿದೆ?

ಇಳಯರಾಜರ ವಿಶೇಷವೆಂದರೆ ಈ ಲೆಕ್ಕವನ್ನೂ ಸ್ವರಗಳನ್ನೂ ಅವರು ನೇರವಾಗಿ ಕಾಗದದ ಮೇಲೆ ಬರೆಯುತ್ತಾರೆ. ಮುಂದೆ ವಾದ್ಯವಿರಬೇಕೆಂದಿಲ್ಲ. ಮೊದಲ ಪಿಟೀಲು, ಎರಡನೆಯ ಪಿಟೀಲು, ಅದರ ಅಣ್ಣನಂತಿರುವ ವಿಯೋಲ, ಮೊಣಕಾಲಿನ ನಡುವೆ ಇಟ್ಟು ನುಡಿಸುವ ಚೆಲ್ಲೋ, ನಿಂತು ನುಡಿಸುವ ದೊಡ್ಡ ಬಾಸು, ಕೊಳಲು, ಓಬೋ, ಕೊಂಬು, ಕಹಳೆ, ಹೀಗೆ ಒಂದರ ಕೆಳಗೊಂದು ಸಾಲುಗಳು. ಪ್ರತಿ ಸಾಲಿನಲ್ಲೂ ಯಾರು ಯಾವ ಕ್ಷಣದಲ್ಲಿ ಯಾವ ಸ್ವರ, ಎಷ್ಟು ಮೆತ್ತಗೆ, ಎಷ್ಟು ಜೋರಾಗಿ ಎಂಬುದೆಲ್ಲ ಬರೆದಿರುತ್ತದೆ. ನಮ್ಮ ಕಛೇರಿ ಸಂಗೀತದಲ್ಲಿ ವಿದ್ವಾಂಸರು ಪಲ್ಲವಿಯನ್ನು ವೇದಿಕೆಯ ಮೇಲೆಯೇ ಬೆಳೆಸುತ್ತಾರೆ. ಪಕ್ಕವಾದ್ಯದವರು ಕಿವಿಯಿಂದ ಹಿಂಬಾಲಿಸುತ್ತಾರೆ. ಅದು ಒಂದು ದೊಡ್ಡ ವಿದ್ಯೆ. ಇದು ಇನ್ನೊಂದು. ಬರೆದದ್ದರಿಂದ ಏನು ಲಾಭ? ‘ಪಳಶ್ಶಿ ರಾಜ’ದ ಹಿನ್ನೆಲೆ ಸಂಗೀತ ನುಡಿಸಿದವರು ಹಂಗೇರಿಯ ವಾದಕರು. ಕುರಿಚ್ಯರ ಹೆಸರನ್ನು ಕೇಳಬೇಕಾದ ಪ್ರಮೇಯವೇ ಅವರಿಗೆ ಬಂದಿರಲಾರದು. ಆದರೂ ಕಾಗದ ನೋಡಿ ಆ ಕಾಡಿನ ಮಳೆಯನ್ನೂ ದುಃಖವನ್ನೂ ನುಡಿಸಬಲ್ಲರು. 2005ರಲ್ಲಿ ‘ತಿರುವಾಚಕ’ಕ್ಕಾಗಿ ಬುಡಾಪೆಸ್ಟಿನ ವಾದ್ಯವೃಂದವನ್ನು ದುಡಿಸಿಕೊಂಡ ಅನುಭವ ಇಳಯರಾಜರಿಗೆ ಮೊದಲೇ ಇತ್ತು.

ಇಲ್ಲಿ ಒಂದು ತಕರಾರು ಏಳುತ್ತದೆ, ಏಳಲೇಬೇಕು. ಐರೋಪ್ಯರ ವಿರುದ್ಧ ಹೋರಾಡಿದವನ ಕಥೆಗೆ ಐರೋಪ್ಯ ವಾದ್ಯಗಳೇ? ಕಂಪನಿಯ ಪಡೆ ಬಂದದ್ದು ಕಹಳೆ, ಡ್ರಮ್ಮುಗಳ ಜೊತೆಗೆ. ಅದೇ ಕಹಳೆಯಲ್ಲಿ ಪಳಶ್ಶಿಯ ದುಃಖ ಹೇಳುವುದು ಸರಿಯೇ? ನನ್ನ ಉತ್ತರ ಹೀಗಿದೆ. ವಾದ್ಯಗಳು ಸೈನಿಕರಿಗಿಂತ ಹೆಚ್ಚು ಗಡಿ ದಾಟಿವೆ. ವಾದ್ಯವೃಂದದ ಹಿಂಬದಿಯಲ್ಲಿ ನಿಂತಿರುವ ದೊಡ್ಡ ತಾಮ್ರದ ಜೋಡಿ ನಗಾರಿ ಯುರೋಪಿಗೆ ಹೋದದ್ದು ಅರಬರ, ತುರ್ಕರ ಸೈನ್ಯಗಳಿಂದ. ನಮ್ಮ ‘ನಗಾರಿ’ ಎಂಬ ಪದವೂ ಅದೇ ಅರಬ್ಬಿ ಮೂಲದ್ದು. ಪಿಟೀಲು ಆಚೆಯಿಂದ ಬಂತು. ಬಾಲುಸ್ವಾಮಿ ದೀಕ್ಷಿತರಂಥವರ ಕೈಯಲ್ಲಿ ಮಡಿಲಿಗೆ ಇಳಿದು ನಮ್ಮದಾಯಿತು. ಇನ್ನು ನಮ್ಮ ಮೈಸೂರಿನ ಅರಮನೆಯಲ್ಲಿ ಕರ್ನಾಟಕ ಬ್ಯಾಂಡೂ ಇತ್ತು, ಇಂಗ್ಲಿಷ್ ಬ್ಯಾಂಡೂ ಇತ್ತು. ಜಯಚಾಮರಾಜ ಒಡೆಯರ್ ಅವರು ಲಂಡನ್ನಿನ ಫಿಲ್‌ಹಾರ್ಮೋನಿಯ ವಾದ್ಯವೃಂದಕ್ಕೆ ಬೆಂಬಲ ನೀಡಿದವರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ತನ್ನ 84ನೆಯ ವಯಸ್ಸಿನಲ್ಲಿ, ಮಹಾಯುದ್ಧ ಮುಗಿದ ಮೇಲೆ ರಚಿಸಿದ ಕೊನೆಯ ನಾಲ್ಕು ಗೀತೆಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದದ್ದು ಮೈಸೂರು ಮಹಾರಾಜರ ನೆರವಿನಿಂದ. ಹೀಗಿರುವಾಗ ಪಿಟೀಲಿಗೆ ಪಾಸ್‌ಪೋರ್ಟ್ ಕೇಳುವುದು ಹೇಗೆ?

ವಾದ್ಯ ಯಾರದು ಎನ್ನುವುದಕ್ಕಿಂತ ಅದು ಯಾರ ಕಡೆ ನಿಂತು ನುಡಿಯುತ್ತದೆ ಎಂಬುದನ್ನು ನೋಡಬೇಕು. ಈ ಚಿತ್ರದಲ್ಲಿ ಇಳಯರಾಜರು ವಾದ್ಯವೃಂದವೊಂದನ್ನೇ ನೆಚ್ಚಿ ಕೂರಲಿಲ್ಲ. ಹಾಡುಗಳಲ್ಲಿ ಕಾಡಿನವರ ಕುಣಿತದ ಲಯವಿದೆ, ಮಾಪಿಳ್ಳೆ ಹಾಡಿನ ಧಾಟಿಯಿದೆ, ಯೇಸುದಾಸ್ ಮತ್ತು ಚಿತ್ರಾ ಅವರ ಕಂಠಗಳಿವೆ. ಒಂದು ಹಾಡಿನಲ್ಲಿ ಅವರೇ ದನಿಗೂಡಿಸಿದ್ದಾರೆ. ಹಳ್ಳಿಯ ತಂಡದಲ್ಲಿ ಹಾಡುತ್ತಿದ್ದ ಹುಡುಗನ ಗಂಟಲು ಅದರಲ್ಲಿ ಇನ್ನೂ ಉಳಿದಿದೆ. ರಾಜನೊಬ್ಬನ ಹೆಸರಿನ ಚಿತ್ರದಲ್ಲಿ ರಾಜನಲ್ಲದವರಿಗೂ ಹೀಗೆ ಒಂದೊಂದು ದನಿ ಸಿಕ್ಕಿತು. ಅವರ ಹಿಂದೆ ಅಗಲವಾಗಿ ಹರಡಿಕೊಳ್ಳುವ ತಂತಿವಾದ್ಯಗಳು ನನಗೆ ಸೈನ್ಯಕ್ಕಿಂತ ನೆಲವನ್ನು ನೆನಪಿಸುತ್ತವೆ.

ಎಲ್ಲವೂ ಮೆಚ್ಚುವಂತಿದೆ ಎಂದು ಹೇಳಲಾರೆ. ನಾಯಕ ಬಂದನೆಂದರೆ ಸಂಗೀತ ಎದ್ದು ನಿಂತು ಸಲಾಮು ಹೊಡೆಯಬೇಕೆಂಬ ನಮ್ಮ ಚಿತ್ರರಂಗದ ಹಳೆಯ ಅಭ್ಯಾಸದಿಂದ ಈ ಚಿತ್ರವೂ ಪೂರ್ತಿಯಾಗಿ ಬಿಡಿಸಿಕೊಂಡಿಲ್ಲ. ಮೂರು ಗಂಟೆಗೂ ಮಿಕ್ಕಿದ ಚಿತ್ರ. ಅಷ್ಟು ಹೊತ್ತೂ ವೀರರಸವೇ ಆದರೆ ಕಿವಿ ದಣಿಯುತ್ತದೆ.

ಯುದ್ಧದ ಚಿತ್ರದಲ್ಲಿ ಸಂಗೀತಕ್ಕೆ ಇನ್ನೊಬ್ಬ ದಾಯಾದಿ ಇದ್ದಾನೆ. ಅವನೇ ಸದ್ದು. ಕತ್ತಿ, ಗೊರಸು, ತುಪಾಕಿ, ಚೀರಾಟ. ತೋಪಿನ ಗುಡುಗು ಮಂದ್ರದಲ್ಲಿ ತುಂಬಿಕೊಂಡಾಗ ಅಲ್ಲಿಗೆ ನಗಾರಿಯನ್ನೂ ಬಾಸನ್ನೂ ತಂದು ಸುರಿದರೆ ಎರಡೂ ಕೆಸರಾಗುತ್ತವೆ. ಬಲ್ಲವನು ಒಂದೋ ಮೇಲಿನ ಸ್ಥಾಯಿಗೆ ಹೋಗುತ್ತಾನೆ, ಇಲ್ಲವೇ ಕಾಯುತ್ತಾನೆ, ಇಲ್ಲವೇ ಸುಮ್ಮನಾಗುತ್ತಾನೆ. ಸುಮ್ಮನಾಗುವುದು ಎಲ್ಲಕ್ಕಿಂತ ಕಷ್ಟ. 1998ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ಎರಡನೆಯ ಮಹಾಯುದ್ಧದ ಮೇಲೆ ತೆಗೆದ ‘ಸೇವಿಂಗ್ ಪ್ರೈವೇಟ್ ರಯಾನ್’ ಚಿತ್ರದಲ್ಲಿ ಸೈನಿಕರು ಕಡಲತೀರಕ್ಕೆ ಇಳಿಯುವ ದೃಶ್ಯ ಇಪ್ಪತ್ತು ನಿಮಿಷಕ್ಕೂ ಹೆಚ್ಚು ನಡೆಯುತ್ತದೆ. ಅಲ್ಲಿ ಸಂಗೀತವೇ ಇಲ್ಲ. ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್. ಆತನೂ ಆಗ ಅರವತ್ತು ದಾಟಿದ್ದ ಹಿರಿಯ. ಬಾಸ್ಟನ್ನಿನ ದೊಡ್ಡ ವಾದ್ಯವೃಂದ ಕೈಯಲ್ಲಿದ್ದೂ ಗುಂಡಿನ ಸದ್ದಿನ ಮೇಲೆ ಅದನ್ನು ಹೇರಲಿಲ್ಲ. ಹೆಣಗಳ ಮುಂದೆ ನಿಂತಾಗ, ನೆನಪಿಸಿಕೊಳ್ಳುವಾಗ ಮಾತ್ರ ಮೆಲ್ಲಗೆ ಬಂದ.

‘ಪಳಶ್ಶಿ ರಾಜ’ದಲ್ಲಿ ಶಬ್ದದ ಹೊಣೆ ರಸೂಲ್ ಪೂಕುಟ್ಟಿ ಅವರದು. 57ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಈ ಒಂದೇ ಚಿತ್ರಕ್ಕಾಗಿ ಶಬ್ದವಿನ್ಯಾಸಕ್ಕೆ ಅವರಿಗೂ, ಹಿನ್ನೆಲೆ ಸಂಗೀತಕ್ಕೆ ಇಳಯರಾಜರಿಗೂ ಪ್ರಶಸ್ತಿ ಬಂತು. ಪ್ರಶಸ್ತಿಯನ್ನೇ ಪ್ರಮಾಣವೆಂದು ಹಿಡಿಯಬೇಕಾಗಿಲ್ಲ. ಆದರೆ ದಾಯಾದಿಗಳಿಬ್ಬರೂ ಒಂದೇ ಮನೆಯಲ್ಲಿದ್ದು ಒಬ್ಬರನ್ನೊಬ್ಬರು ತಿಂದುಹಾಕಲಿಲ್ಲ ಎಂಬುದಕ್ಕೆ ಅದೊಂದು ಸಾಕ್ಷಿ. ಇಳಯರಾಜರಿಗೆ ಹಿಂದೆ ಬಂದಿದ್ದ ಮೂರು ರಾಷ್ಟ್ರಪ್ರಶಸ್ತಿಗಳು ‘ಸಾಗರ ಸಂಗಮಂ’, ‘ಸಿಂಧು ಭೈರವಿ’, ‘ರುದ್ರವೀಣಾ’ ಚಿತ್ರಗಳಿಗೆ. ಮೂರೂ ಸಂಗೀತ ನೃತ್ಯಗಳ ಸುತ್ತಲೇ ಹೆಣೆದ ಕಥೆಗಳು. ಅಲ್ಲಿ ಸಂಗೀತ ಪೀಠದ ಮೇಲೆ ಕೂರುತ್ತದೆ. ಇಲ್ಲಿ ಅದು ಹಿಂದೆ ನಿಂತು ಪ್ರಶಸ್ತಿ ಪಡೆಯಿತು. ಅರವತ್ತಾರರ ವಯಸ್ಸಿಗೆ ಇದು ಒಪ್ಪುವ ಗೌರವ ಎಂದು ನನಗೆ ಅನ್ನಿಸುತ್ತದೆ. ಆ ಮೇಲೂ ಅವರು ಸುಮ್ಮನೆ ಕೂರಲಿಲ್ಲ. 2025ರ ಮಾರ್ಚ್ 8ರಂದು, 81ನೆಯ ವಯಸ್ಸಿನಲ್ಲಿ, ತಾವು ಬರೆದ ಸಿಂಫನಿಯನ್ನು ಲಂಡನ್ನಿನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದವರಿಂದ ನುಡಿಸಿದರು. ಅಲ್ಲಿ ಚಿತ್ರವಿಲ್ಲ, ಸೆಕೆಂಡಿನ ಲೆಕ್ಕವಿಲ್ಲ.

ಪಳಶ್ಶಿ ಮಡಿದ ದಿನದ ಒಂದು ವಿವರ ಚರಿತ್ರೆಯಲ್ಲಿದೆ. ಅವನನ್ನು ಬೇಟೆಯಾಡಿದ ಕಂಪನಿಯ ಅಧಿಕಾರಿ ಥಾಮಸ್ ಬಾಬರ್ ಆ ಶವವನ್ನು ತನ್ನ ಪಲ್ಲಕ್ಕಿಯಲ್ಲಿಯೇ ಇಡಿಸಿದ. ಗೆದ್ದವನ ಪಲ್ಲಕ್ಕಿಯಲ್ಲಿ ಸೋತವನ ದೇಹ. ಇದಕ್ಕೆ ನೀವಾದರೆ ಯಾವ ವಾದ್ಯ ಕೊಡುತ್ತೀರಿ? ಕಹಳೆಯೇ? ಯಾರ ಕಹಳೆ? ನೂರು ಪಿಟೀಲೇ, ಒಂದೇ ಒಂದೇ? ಪಲ್ಲಕ್ಕಿ ಹೊತ್ತ ಬೋಯಿಗಳ ಉಸಿರೊಂದೇ ಸಾಕೇ? ಚಿತ್ರ ನೋಡುವ ಮುಂಚೆ ನಿಮ್ಮ ಉತ್ತರವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಆಮೇಲೆ ಚಿತ್ರದ ಯಾವುದಾದರೂ ಹತ್ತು ನಿಮಿಷವನ್ನು ಮೂರು ಸಲ ನೋಡಿ. ಮೊದಲ ಸಲ ಧ್ವನಿ ಪೂರ್ತಿ ನಿಲ್ಲಿಸಿ ಚಿತ್ರ ಮಾತ್ರ. ಎರಡನೆಯ ಸಲ ಪರದೆಗೆ ಬೆನ್ನು ಮಾಡಿ ಧ್ವನಿ ಮಾತ್ರ. ಮೂರನೆಯ ಸಲ ಎರಡೂ. ಸಂಗೀತ ಎಲ್ಲಿ ಬಂತು ಎಂಬುದರ ಜೊತೆಗೆ ಎಲ್ಲಿ ನಿಂತಿತು ಎಂಬುದನ್ನೂ ಗುರುತು ಮಾಡಿ. ನಿಂತ ಜಾಗವನ್ನು ಹುಡುಕುವುದು ಕಷ್ಟ, ಎರಡು ಮೂರು ಸಲ ತಪ್ಪುತ್ತೀರಿ. ಮಲಯಾಳ ಬಾರದಿದ್ದರೆ ಇನ್ನೂ ಒಳ್ಳೆಯದೇ, ಮಾತಿನ ಅರ್ಥ ಅಡ್ಡ ಬರುವುದಿಲ್ಲ.

ಚಿನಕುರಳಿಯ ಕಡೆಯ ಮಕ್ಕಳಿಗೆ ಇನ್ನೊಂದು ಕೆಲಸ. ಆ ನಾಟಕವನ್ನು ಮತ್ತೆ ಆಡುವುದಾದರೆ ಸಂಗೀತಕ್ಕೆ ನನ್ನನ್ನು ಕರೆಯಬೇಡಿ, ನೀವೇ ಮಾಡಿ. ಮೇಲುಕೋಟೆಯಿಂದ ಇಳಿಯುವ ಕತ್ತಲು, ಸದ್ದು ಮಾಡಬಾರದೆಂದು ಹೆಜ್ಜೆ ಎತ್ತಿ ಇಡುವ ಸಾವಿರಾರು ಜನ, ಆಮೇಲೆ ಎಲ್ಲೋ ಒಂದು ತೋಪು. ಅಲ್ಲಿಯವರೆಗೆ ಏನೂ ನುಡಿಸದೆ ಇರಲು ನಿಮ್ಮ ಕೈ ಕೇಳುತ್ತದೆಯೇ ನೋಡಿ. ಕೊನೆಯಲ್ಲಿ ಲಾಟೀನು ಹಿಡಿದ ಹುಡುಗಿ ಮಾತಾಡುವಾಗ ತಮಟೆಯವರನ್ನು ಚಹಾ ಕುಡಿಯಲು ಕಳಿಸಿಬಿಡಿ.